ಇಂಡಕ್ಷನ್ ಮೋಟಾರಿನ ತಿರುಗುಬಲ: ಮುನ್ನೋಟದ ನಿಯಂತ್ರಣ

ಹಿಟ್ಟಿನ ಗಿರಣಿ, ನೀರೆತ್ತುವ ಪಂಪು, ಕಾರ್ಖಾನೆಯ ಯಂತ್ರ, ಬಹುಮಹಡಿ ಕಟ್ಟಡದ ಲಿಫ್ಟು ಮುಂತಾದವುಗಳನ್ನು ಬಹುಮಟ್ಟಿಗೆ ನಡೆಸುವುದು ಇಂಡಕ್ಷನ್ ಮೋಟಾರು. ಮುಂಬಯಿಯ ಉಪನಗರ ರೈಲುಗಳ ಗಾಲಿಗಳನ್ನು ಇಂದು ತಿರುಗಿಸುತ್ತಿರುವುದೂ ಇದೇ ಬಗೆಯ ಮೋಟಾರು. ಇದರ ರಚನೆ ಸರಳ, ಬಾಳಿಕೆ ದೀರ್ಘ, ನಿರ್ವಹಣೆಯ ವೆಚ್ಚ ಅಲ್ಪ. ಆದರೆ ಇದರ ತಿರುಗುಬಲವನ್ನು, ಅಂದರೆ ಟಾರ್ಕನ್ನು, ಬೇಕಾದ ಪ್ರಮಾಣದಲ್ಲಿ ಕ್ಷಣಮಾತ್ರದಲ್ಲಿ ಒದಗಿಸುವುದು ಬಹುಕಾಲ ಕಠಿಣವಾಗಿತ್ತು. ರೈಲು ಹೊರಡುವಾಗ ತಿರುಗುಬಲ ಮಿತಿಮೀರಿದರೆ ಗಾಲಿ ಹಳಿಯ ಮೇಲೆ ಜಾರುತ್ತದೆ. ಸಾಲದಾದರೆ ವೇಗ ಏರುವುದಿಲ್ಲ. ಹಠಾತ್ತನೆ ಏರಿಳಿದರೆ ನಿಂತಿರುವ ಪ್ರಯಾಣಿಕರು ಮುಗ್ಗರಿಸುತ್ತಾರೆ.

ತಿರುಗುಬಲದ ಮೂಲ

ಮೋಟಾರಿನ ಸ್ಥಿರ ಭಾಗವಾದ ಸ್ಟೇಟರಿನ ಸುರುಳಿಗಳಲ್ಲಿ ಮೂರು ಫೇಸಿನ ವಿದ್ಯುತ್ತು ಹರಿದಾಗ ಸುತ್ತುವ ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಅದು ಒಳಗಿನ ರೋಟರಿನಲ್ಲಿ ವಿದ್ಯುತ್ತನ್ನು ಪ್ರೇರಿಸಿ ತನ್ನೊಡನೆ ಎಳೆದೊಯ್ಯುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ, 50 ಹರ್ಟ್ಸ್ ವಿದ್ಯುತ್ತಿಗೆ, ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರು ಸದಾ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ಅಂತರವಿಲ್ಲದೆ ತಿರುಗುಬಲವೇ ಇಲ್ಲ.

ವೇಗವನ್ನು ಬದಲಿಸಲು ಇನ್ವರ್ಟರ್ ಎಂಬ ಸಾಧನವನ್ನು ಬಳಸುತ್ತಾರೆ. ಸಾಮಾನ್ಯ ಇನ್ವರ್ಟರಿನಲ್ಲಿರುವ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಎಂಟು ವಿಧದ ಜೋಡಣೆಗಳನ್ನು ಕೊಡುತ್ತವೆ. ಅವುಗಳಲ್ಲಿ ಎರಡರ ಫಲ ಶೂನ್ಯ ವೋಲ್ಟೇಜು. ಹೀಗಾಗಿ ನಿಯಂತ್ರಕನ ಮುಂದೆ ಪ್ರತಿ ಕ್ಷಣವೂ ಇರುವುದು ಏಳೇ ಭಿನ್ನ ಆಯ್ಕೆಗಳು.

ತಪ್ಪಿದ ಮೇಲೆ ತಿದ್ದುವ ಕ್ರಮ

1986ರಲ್ಲಿ ಜಪಾನಿನ ಇಸಾವೊ ತಕಾಹಾಶಿ ಮತ್ತು ತೊಶಿಹಿಕೊ ನೊಗುಚಿ ಅವರು ಪ್ರಕಟಿಸಿದ ವಿಧಾನವು ನೇರ ತಿರುಗುಬಲ ನಿಯಂತ್ರಣವೆಂದು ಪ್ರಸಿದ್ಧವಾಯಿತು. ಇದರಲ್ಲಿ ತಿರುಗುಬಲವು ಗೊತ್ತುಪಡಿಸಿದ ಎಲ್ಲೆಯನ್ನು ದಾಟಿದೊಡನೆ, ಮೊದಲೇ ಸಿದ್ಧಪಡಿಸಿದ ಕೋಷ್ಟಕವನ್ನು ನೋಡಿ ಸ್ವಿಚ್ಚುಗಳನ್ನು ಬದಲಿಸಲಾಗುತ್ತದೆ. ವಿಧಾನ ಚುರುಕಾದುದು. ಆದರೆ ತಿದ್ದುಪಡಿ ನಡೆಯುವುದು ಎಲ್ಲೆ ಮೀರಿದ ಬಳಿಕ. ಆದುದರಿಂದ ತಿರುಗುಬಲದಲ್ಲಿ ಕಂಪನ ಉಳಿಯುತ್ತದೆ.

ಮುಂದನ್ನು ಎಣಿಸುವ ಕ್ರಮ

ಮುನ್ನೋಟದ ನಿಯಂತ್ರಣವು ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು, ವಿದ್ಯುತ್ ಪ್ರವಾಹ ಮತ್ತು ವೇಗವನ್ನು ಅಳೆದು ಮೋಟಾರಿನ ಈಗಿನ ಕಾಂತೀಯ ಸ್ಥಿತಿಯನ್ನು ಅಂದಾಜು ಮಾಡಲಾಗುತ್ತದೆ. ಬಳಿಕ, ಏಳು ಆಯ್ಕೆಗಳಲ್ಲಿ ಒಂದೊಂದರಿಂದಲೂ ಮುಂದಿನ ಕ್ಷಣದ ತಿರುಗುಬಲ ಎಷ್ಟಾದೀತೆಂದು ಮೋಟಾರಿನ ಗಣಿತ ಸಮೀಕರಣಗಳ ಮೂಲಕ ಲೆಕ್ಕ ಹಾಕಲಾಗುತ್ತದೆ. ಕೊನೆಗೆ, ಗುರಿಗೆ ಅತಿ ಸಮೀಪವಾದುದನ್ನು ಆರಿಸಿಕೊಳ್ಳಲಾಗುತ್ತದೆ. ವಿದ್ಯುತ್ ಪ್ರವಾಹವನ್ನು ಅಪಾಯದ ಮಟ್ಟಕ್ಕೆ ಏರಿಸುವ ಆಯ್ಕೆಯನ್ನು ಪ್ರಯೋಗಿಸುವ ಮುನ್ನವೇ ಕೈಬಿಡಬಹುದು. ಈ ಎಲ್ಲ ಗಣನೆಯೂ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಕಡಮೆ ಅವಧಿಯಲ್ಲಿ ಮುಗಿದು, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಮುನ್ನೋಟದ ತತ್ತ್ವವು 1970ರ ದಶಕದಲ್ಲೇ ತೈಲ ಮತ್ತು ರಾಸಾಯನಿಕ ಉದ್ಯಮಗಳಲ್ಲಿ ಬಳಕೆಗೆ ಬಂದಿತ್ತು. ಅಲ್ಲಿ ಲೆಕ್ಕಕ್ಕೆ ನಿಮಿಷಗಟ್ಟಲೆ ಸಮಯವಿತ್ತು. ಮೋಟಾರುಗಳಿಗೆ ಅದನ್ನು ಅನ್ವಯಿಸಲು ವೇಗಶಾಲಿ ಹಾಗೂ ಅಗ್ಗದ ಮೈಕ್ರೊಪ್ರೊಸೆಸರುಗಳು ಬರುವವರೆಗೆ ಕಾಯಬೇಕಾಯಿತು.

ಮಿತಿಗಳು

ಮುನ್ನೋಟದ ನಿಖರತೆ ಸಮೀಕರಣಗಳ ನಿಖರತೆಯನ್ನೇ ಅವಲಂಬಿಸಿದೆ. ಮೋಟಾರು ಕಾದಂತೆ ಅದರ ವಾಹಕಗಳ ವಿದ್ಯುತ್ ರೋಧ ಹೆಚ್ಚುತ್ತದೆ. ತಣ್ಣಗಿದ್ದಾಗಿನ ಅಂಕಿಯನ್ನೇ ನೆಚ್ಚಿದರೆ ಲೆಕ್ಕ ತಪ್ಪುತ್ತದೆ. ಗಣನೆಗೆ ಹಿಡಿಯುವ ಕಾಲವನ್ನೂ ಪರಿಗಣಿಸಿ ಇನ್ನೊಂದು ಹೆಜ್ಜೆ ಮುಂದಕ್ಕೆ ಎಣಿಸಬೇಕು. ತಿರುಗುಬಲಕ್ಕೆ ಎಷ್ಟು ಪ್ರಾಶಸ್ತ್ಯ, ಕಾಂತೀಯ ಬಲಕ್ಕೆ ಎಷ್ಟು ಎಂಬುದನ್ನು ಎಂಜಿನಿಯರರೇ ನಿರ್ಧರಿಸಬೇಕು. ಸ್ವಿಚ್ಚುಗಳ ಬದಲಾವಣೆಯ ಗತಿಯೂ ಏಕರೂಪವಾಗಿರುವುದಿಲ್ಲ.

ಹೀಗೆ ಯಂತ್ರಕ್ಕೆ ದೊರೆತಿರುವುದು ಭವಿಷ್ಯಜ್ಞಾನವಲ್ಲ. ಸರಿಯಾದ ಅಳತೆ, ಸರಿಯಾದ ಸಮೀಕರಣ, ಕ್ಷಣಕ್ಷಣಕ್ಕೂ ಹೊಸದಾಗಿ ಮಾಡುವ ಪರಿಶೀಲನೆ ಇವೇ ಈ ವಿಧಾನದ ಆಧಾರಸ್ತಂಭಗಳು. ಇವುಗಳಲ್ಲಿ ಒಂದು ದುರ್ಬಲವಾದರೂ ಎಷ್ಟೇ ವೇಗದ ಗಣಕವೂ ಮೋಟಾರನ್ನು ಸುಗಮವಾಗಿ ನಡೆಸಲಾರದು.