ಯಂತ್ರದ ಬೊಂಬೆಯೂ ಮಾತನಾಡದ ಮಗುವೂ

ನಮ್ಮ ಅಕ್ಕನ ಮಗನಿಗೆ ಆರು ವರ್ಷ. ತಿರುಗುವ ಫ್ಯಾನನ್ನು ಅರ್ಧ ಗಂಟೆ ಬೇಕಾದರೂ ನೋಡುತ್ತಾನೆ. ತಾಯಿಯ ಮುಖವನ್ನು ಅರೆಗಳಿಗೆ ನೋಡಲಾರ. ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ. ಕಿವುಡನಿರಬಹುದೆಂದು ಮೊದಲು ನಾವೆಲ್ಲರೂ ಎಣಿಸಿದ್ದೆವು. ಕಿವಿ ಚೆನ್ನಾಗಿಯೇ ಇದೆ, ಇದು ಆಟಿಸಂ ಎಂದು ವೈದ್ಯರು ತಿಳಿಸಿದರು. ಇಂಥ ಮಕ್ಕಳಿಗೆ ಕಲಿಸಲು ಹೊರದೇಶಗಳಲ್ಲಿ ಯಂತ್ರಮಾನವನನ್ನು, ಅಂದರೆ ರೋಬೋಟನ್ನು, ಬಳಸುತ್ತಾರೆಂದು ಮನಃಶಾಸ್ತ್ರದ ತರಗತಿಯಲ್ಲಿ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಮನುಷ್ಯರ ಕಡೆ ತಿರುಗದ ಮಗುವಿನ ಮುಂದೆ ಮತ್ತೊಂದು ಯಂತ್ರವನ್ನು ತಂದಿಡುವುದೆ? ಆ ಸಿಟ್ಟೇ ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು.

ಆಟಿಸಂ ಎಂಬ ಸ್ಥಿತಿಯನ್ನು ಅಮೆರಿಕದಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವಿಚಾರವಾಗಿ ಬರೆದ ಲೇಖನದಲ್ಲಿ ವಿವರಿಸಿದರು. ಅದು ಮಿದುಳು ಬೆಳೆಯುವ ರೀತಿಯಲ್ಲಿರುವ ಒಂದು ಭೇದ. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ಮಾತು ಸುಳ್ಳೆಂದು ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಆದರೂ ಅದನ್ನು ಅಕ್ಕನ ಎದುರಿಗೇ ಆಡಿದ ಬಂಧುಗಳುಂಟು.

ಹಾಗಾದರೆ ಯಂತ್ರವೇಕೆ? ಮನುಷ್ಯನ ಮುಖವನ್ನು ಒಮ್ಮೆ ಯೋಚಿಸಿ ನೋಡಿ. ಹುಬ್ಬು, ಕಣ್ಣು, ತುಟಿ, ದನಿ ಎಲ್ಲವೂ ಒಟ್ಟಿಗೆ, ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಎಷ್ಟೋ ಸ್ವಲೀನ ಮಕ್ಕಳಿಗೆ ಇದು ಸಂತೆಯ ಗದ್ದಲವಿದ್ದಂತೆ. ಯಂತ್ರವಾದರೋ ನೂರು ಸಲ ಕೇಳಿದರೂ ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳುತ್ತದೆ, ದಣಿಯುವುದಿಲ್ಲ, ಗದರುವುದಿಲ್ಲ. 1976ರಷ್ಟು ಹಿಂದೆಯೇ ಎಡಿನ್‌ಬರೋದಲ್ಲಿ ಸಿಲ್ವಿಯಾ ವೇರ್ ಮತ್ತು ರಿಕಿ ಇಮ್ಯಾನುಯೆಲ್ ಎಂಬವರು ಗುಂಡಿ ಒತ್ತಿದರೆ ನೆಲದ ಮೇಲೆ ಚಲಿಸುವ ಆಮೆಯಂಥ ಯಂತ್ರವನ್ನು ಸ್ವಲೀನ ಹುಡುಗನೊಬ್ಬನ ಕೈಗೆ ಕೊಟ್ಟು, ಆ ಆಟವು ಅವನ ಸಂವಹನಕ್ಕೆ ದಾರಿಮಾಡಿತೆಂದು ವರದಿ ಮಾಡಿದ್ದರು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾನಿಲಯದಲ್ಲಿ 2005ರಿಂದ ರೂಪುಗೊಂಡ 'ಕ್ಯಾಸ್ಪರ್'. ಕರ್ಸ್ಟಿನ್ ಡೌಟನ್‌ಹಾನ್, ಬೆನ್ ರಾಬಿನ್ಸ್ ಮೊದಲಾದವರು ಅದರೊಂದಿಗೆ ಕೆಲಸ ಮಾಡಿದರು. ಸಣ್ಣ ಹುಡುಗನ ಗಾತ್ರ, ಮಕ್ಕಳ ಉಡುಪು. ಮುಖದಲ್ಲಿ ಮಾತ್ರ ಬೇಕೆಂದೇ ಭಾವಗಳನ್ನು ಕಡಿಮೆ ಇಟ್ಟಿದ್ದಾರೆ. ಮೈಯಲ್ಲಿ ಸ್ಪರ್ಶವನ್ನು ಗುರುತಿಸುವ ಉಪಕರಣಗಳಿವೆ. ಮೆಲ್ಲನೆ ಕಚಗುಳಿಯಿಟ್ಟರೆ ನಗುತ್ತದೆ. ಹೊಡೆದರೆ, ನೋವಾಯಿತೆಂದು ಹೇಳಿ ಮುಖ ತಿರುಗಿಸಿ ಕೈಯಿಂದ ಮುಚ್ಚಿಕೊಳ್ಳುತ್ತದೆ. ಮುಟ್ಟುವುದಕ್ಕೂ ಹೊಡೆಯುವುದಕ್ಕೂ ಇರುವ ಅಂತರವನ್ನು ಮತ್ತೊಂದು ಮಗುವನ್ನು ಅಳಿಸದೆ ಕಲಿಯುವುದಕ್ಕೆ ಇದೊಂದು ಉಪಾಯ. ಪಕ್ಕದಲ್ಲಿ ಕುಳಿತ ಶಿಕ್ಷಕರು ಗುಂಡಿಗಳ ಮೂಲಕ ಅದನ್ನು ಆಡಿಸಬಹುದು. ಒಮ್ಮೊಮ್ಮೆ ಆ ಗುಂಡಿಗಳನ್ನು ಒಂದು ಮಗುವಿಗೆ ಕೊಟ್ಟು, ಇನ್ನೊಂದು ಮಗುವು ಬೊಂಬೆಯ ಚಲನೆಯನ್ನು ಅನುಕರಿಸುವಂತೆ ಮಾಡುತ್ತಾರೆ. ಆಗ ಬೊಂಬೆಯ ನೆವದಿಂದ ಆಡುವವರು ಇಬ್ಬರು ಮಕ್ಕಳೇ ಆಗುತ್ತಾರೆ. ನನ್ನ ಸಿಟ್ಟು ಇಳಿದದ್ದು ಇಲ್ಲಿ.

ಫಲವೇನೆಂದು ಕೇಳುವುದು ನ್ಯಾಯ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬ್ರಯನ್ ಸ್ಕಾಸೆಲಾಟಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಮಕ್ಕಳ ಮನೆಗಳಲ್ಲಿ ರೋಬೋಟನ್ನಿಟ್ಟು, ದಿನಕ್ಕೆ 30 ನಿಮಿಷದಂತೆ ಒಂದು ತಿಂಗಳು ಹಿರಿಯರ ಜೊತೆಯಲ್ಲಿಯೇ ಆಡಿಸಿದರು. ಯಂತ್ರವಿಲ್ಲದಾಗಲೂ ಮಕ್ಕಳು ಹಿರಿಯರೊಡನೆ ಒಂದೇ ವಸ್ತುವಿನ ಕಡೆ ಗಮನವಿಡುವುದು ಉತ್ತಮವಾಯಿತಂತೆ. ಆದರೆ ಹನ್ನೆರಡು ಚಿಕ್ಕ ಸಂಖ್ಯೆ. ಯಂತ್ರವಿಲ್ಲದೆ ಅಷ್ಟೇ ಹೊತ್ತು ಆಡಿಸಿದ ಇನ್ನೊಂದು ಗುಂಪೂ ಹೋಲಿಕೆಗೆ ಇರಲಿಲ್ಲ. ಇಷ್ಟರಿಂದ ಯಂತ್ರದ ಗುಣವೆಷ್ಟು, ಮನೆಯವರು ದಿನವೂ ಜೊತೆಯಲ್ಲಿ ಕುಳಿತದ್ದರ ಗುಣವೆಷ್ಟು ಎಂದು ಬೇರ್ಪಡಿಸಲಾಗದು. ಸ್ವಲೀನರಾಗಿ ಬೆಳೆದ ದೊಡ್ಡವರಲ್ಲಿ ಹಲವರು ಎತ್ತುವ ಆಕ್ಷೇಪವು ಇನ್ನೂ ತೀಕ್ಷ್ಣವಾದದ್ದು: ಕಣ್ಣಿಗೆ ಕಣ್ಣಿಟ್ಟು ನೋಡೆಂದು ನಮ್ಮನ್ನು ಪಳಗಿಸುವುದು ಯಾರ ಹಿತಕ್ಕೆ, ನಮ್ಮದಕ್ಕೋ ನಿಮ್ಮದಕ್ಕೋ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ಓದಿದ ಮೇಲೆ 'ಇಲ್ಲಿ ನೋಡೋ' ಎಂದು ಅವನ ಗಲ್ಲ ಹಿಡಿದು ತಿರುಗಿಸುವುದನ್ನು ಬಿಟ್ಟಿದ್ದೇನೆ.

ಅಂಥ ಯಂತ್ರವನ್ನು ಕೊಳ್ಳುವ ಶಕ್ತಿ ನಮ್ಮ ಮನೆಗಿಲ್ಲ. ದಸರೆಯ ರಜೆಯಲ್ಲಿ ಚನ್ನಪಟ್ಟಣದ ಮರದ ಬೊಂಬೆಯೊಂದನ್ನು ಒಯ್ದೆ. ದಿನವೂ ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ ಕುಳಿತು, ಅದರ ತಲೆಯನ್ನು ಮೂರು ಸಲ ಬಾಗಿಸಿ, ಒಂದೇ ದನಿಯಲ್ಲಿ 'ಬಾ' ಎನ್ನುತ್ತಿದ್ದೆ. ಮೂರು ದಿನ ಅವನು ಫ್ಯಾನನ್ನೇ ನೋಡುತ್ತಿದ್ದ. ನಾಲ್ಕನೆಯ ದಿನ, ನಾನು ಆಟ ನಿಲ್ಲಿಸಿದಾಗ, ಹತ್ತಿರ ಬಂದು ನನ್ನ ಕೈಯನ್ನು ಹಿಡಿದು ಬೊಂಬೆಯ ತಲೆಯ ಮೇಲಿಟ್ಟ. ಮುಖವನ್ನು ನೋಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಇನ್ನೊಂದು ಸಲ ಮಾಡೋ" ಎಂದಳು.