ಜರಡಿ ಕಟ್ಟಿಕೊಂಡರೆ ಚುಚ್ಚಬೇಡಿ

ಕಾಚಿಗುಡದ ಸಹೋದರಿಯವರೇ, ಚಕ್ಕುಲಿ ಕರಿದ ಎಣ್ಣೆ ಸೋಸುವಾಗ ಬಟ್ಟೆ ಬೇಗ ಕಟ್ಟಿಕೊಳ್ಳುವುದು ಬಟ್ಟೆಯ ದೋಷವಲ್ಲ. ಸುಟ್ಟ ಹಿಟ್ಟೆಲ್ಲ ನೇರವಾಗಿ ಅದರ ಮೇಲೇ ಬೀಳುತ್ತಿದೆ. ಮೊದಲು ಎಣ್ಣೆ ತಿಳಿಯಾಗಲಿ, ಗಷ್ಟು ತಳದಲ್ಲೇ ಉಳಿಯಲಿ. ಆಮೇಲೆ ದೊಡ್ಡ ಕಣ್ಣಿನ ಸ್ಟೀಲ್ ಜರಡಿ, ಅದರ ಕೆಳಗೆ ಸಣ್ಣ ಕಣ್ಣಿನದು. ಜರಡಿ ಅಗಲವಾಗಿರಲಿ, ತುಸು ಓರೆಯಾಗಿಟ್ಟರೆ ಚೂರುಗಳು ಒಂದು ಬದಿಗೆ ಜಾರಿ ಕಣ್ಣುಗಳು ತೆರೆದೇ ಇರುತ್ತವೆ. ಪೂರ್ತಿ ತಣ್ಣಗಾದ ಎಣ್ಣೆ ಮಂದವಾಗುತ್ತದೆ, ಉಗುರುಬೆಚ್ಚಗಿರುವಾಗಲೇ ಸೋಸಿ. ಕಡ್ಡಿಯಿಂದ ಮಾತ್ರ ಚುಚ್ಚಲೇಬೇಡಿ: ಮುರಿದ ತಂತಿಯ ತುಣುಕು ತಿಂಡಿಗೆ ಸೇರೀತು.

ಸೋಸಿದ ಮಾತ್ರಕ್ಕೆ ಎಣ್ಣೆ ಹೊಸದಾಗುವುದಿಲ್ಲ. ಪದೇ ಪದೇ ಕಾಯಿಸಿದ ಎಣ್ಣೆ ಕೆಟ್ಟು ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇ 25 ದಾಟಿದರೆ ಅಂಥ ಎಣ್ಣೆಯ ಬಳಕೆಯನ್ನು 2018ರ ಜುಲೈ 1ರಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಷೇಧಿಸಿದೆ. ಈ ಸಂಯುಕ್ತಗಳು ಜರಡಿಗೆ ಸಿಗುವಂಥವಲ್ಲ; ಅವನ್ನು ಅಳೆಯುವ ಮೀಟರಿನಲ್ಲೇ ಅಳೆಯಿರಿ. ಮಿತಿ ದಾಟಿದ್ದರೆ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಳ್ಳುವ ಅಧಿಕೃತ ಸಂಗ್ರಾಹಕರಿಗೆ ಕೊಟ್ಟುಬಿಡಿ.