ಎರೆನೆಲದ ಅಡಿಯ ಕರಿಕಲ್ಲು: ಅದರ ಪಾತಾಳಮೂಲದ ವಿಚಾರ

ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿರುವುದು ಬೂದುಗಪ್ಪು ಬಣ್ಣದ ಬಸಾಲ್ಟ್ ಶಿಲೆಯಿಂದ. ಆ ಸೀಮೆಯ ಜನ ಇದನ್ನು ಕರಿಕಲ್ಲೆಂದೇ ಕರೆಯುತ್ತಾರೆ. ಬಿಳಿಜೋಳವನ್ನೂ ಕಡಲೆಯನ್ನೂ ಬೆಳೆಯುವ ಎರೆಮಣ್ಣು ಬಹುಮಟ್ಟಿಗೆ ಇದೇ ಶಿಲೆ ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾದುದರ ಫಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಕಾಣುವ ಈ ಶಿಲಾಪ್ರದೇಶವು ಒಂದು ಮಹಾವಿಸ್ತಾರದ ದಕ್ಷಿಣದ ಅಂಚು ಮಾತ್ರ. ಮಹಾರಾಷ್ಟ್ರದ ಬಹುಭಾಗವನ್ನೂ ಗುಜರಾತ್, ಮಧ್ಯಪ್ರದೇಶಗಳ ಹಲವು ಕಡೆಗಳನ್ನೂ ಆವರಿಸಿ ಇದು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ಉಳಿದಿದೆ. ಪಶ್ಚಿಮಘಟ್ಟದ ಕಡೆ ಇದರ ಪದರಗಳ ಒಟ್ಟು ದಪ್ಪ 2 ಕಿಲೋಮೀಟರನ್ನು ಮೀರುತ್ತದೆ. ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. 1993ರ ಭೂಕಂಪದ ತರುವಾಯ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ದೊರೆತ ದಪ್ಪ 338 ಮೀಟರು. ಬೆಟ್ಟದ ಓರೆಗಳಲ್ಲಿ ಪದರಗಳು ಮೆಟ್ಟಿಲುಗಳಂತೆ ಕಾಣುವುದರಿಂದ, ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ‘ದಖನ್ ಟ್ರ್ಯಾಪ್’ ಎಂಬ ಹೆಸರು ಬಂದಿತು.

ಈ ಶಿಲಾರಸದ ಬಹುಪಾಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹತ್ತು ಲಕ್ಷ ವರ್ಷಗಳೊಳಗೆ ಹೊರಹರಿಯಿತು. ಭೂವಿಜ್ಞಾನದ ಲೆಕ್ಕದಲ್ಲಿ ಅದು ಅತ್ಯಲ್ಪ ಕಾಲ. ಇಷ್ಟು ಅಗಾಧವಾದ ರಾಶಿ ಇಷ್ಟು ಶೀಘ್ರವಾಗಿ ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ.

ಭೂಮಿಯ ಒಳಗೆಲ್ಲ ಬೆಂಕಿಯ ದ್ರವ ತುಂಬಿದೆ, ನೆಲ ಬಿರಿದಾಗ ಅದು ಉಕ್ಕುತ್ತದೆ ಎಂಬುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸರಿಯಲ್ಲ. ನಾವು ನಿಂತಿರುವ ತೊಗಟೆಯ ಕೆಳಗೆ ಸುಮಾರು 2,900 ಕಿಲೋಮೀಟರು ಆಳದವರೆಗೆ ಇರುವ ಮ್ಯಾಂಟಲ್ ಎಂಬ ನಡುಗವಚವು ಗಟ್ಟಿಯಾದ ಶಿಲೆಯೇ. ದ್ರವದಲ್ಲಿ ಸಾಗಲಾರದ ಒಂದು ಬಗೆಯ ಭೂಕಂಪದ ಅಲೆಗಳು ಅದರ ಮೂಲಕ ಸರಾಗವಾಗಿ ಹಾದುಬರುವುದೇ ಇದಕ್ಕೆ ಸಾಕ್ಷಿ. ದ್ರವವಿರುವುದು ಅದಕ್ಕೂ ಕೆಳಗೆ, ಲೋಹಮಯವಾದ ತಿರುಳಿನ ಹೊರಭಾಗದಲ್ಲಿ. ಗಟ್ಟಿ ಶಿಲೆಯೂ ಕೋಟ್ಯಂತರ ವರ್ಷಗಳ ಅವಧಿಯಲ್ಲಿ ಬಲು ನಿಧಾನವಾಗಿ ಹರಿಯಬಲ್ಲುದು. ಬಿಸಿಯಾದ ಭಾಗ ಹಗುರಾಗಿ ಮೇಲೇರುತ್ತದೆ, ತಣ್ಣಗಾದುದು ಕೆಳಗಿಳಿಯುತ್ತದೆ.

1971ರಲ್ಲಿ ಅಮೆರಿಕದ ಡಬ್ಲ್ಯೂ. ಜೇಸನ್ ಮಾರ್ಗನ್ ಅವರು, ತಿರುಳಿನ ಅಂಚಿನಿಂದಲೇ ಬಿಸಿಶಿಲೆಯ ಕಂಬಗಳು ಮೇಲೇರುತ್ತವೆಂಬ ವಾದವನ್ನು ಮುಂದಿಟ್ಟರು. ಇವನ್ನು ಕನ್ನಡದಲ್ಲಿ ಉಷ್ಣಸ್ತಂಭಗಳೆನ್ನಬಹುದು. 1990ರಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ಸ್ ಮತ್ತು ಕ್ಯಾಂಬೆಲ್ ಅವರು ಗ್ಲೂಕೋಸ್ ಪಾಕವನ್ನು ಬಳಸಿ ಇದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ನಮ್ಮ ಅಡುಗೆಮನೆಯ ಪಾಕದ ಹತ್ತಿರದ ಬಂಧುವೇ ಇದು! ಗಟ್ಟಿಪಾಕದ ತಳದಲ್ಲಿ ಬಿಸಿಪಾಕವನ್ನು ಬಿಟ್ಟಾಗ ಅದು ಅಣಬೆಯಂತೆ, ದೊಡ್ಡ ತಲೆ ಮತ್ತು ಸಣ್ಣ ಬಾಲಗಳೊಡನೆ ಮೇಲೇರಿತು. ಇದನ್ನು ಭೂಮಿಯ ಅಳತೆಗೆ ಹಿಗ್ಗಿಸಿದರೆ ತಲೆಯ ಅಡ್ಡಳತೆ ಸುಮಾರು 1,000 ಕಿಲೋಮೀಟರು. ಆ ತಲೆ ಮೇಲಕ್ಕೆ ಬಂದಂತೆ ಅದರ ಮೇಲಿನ ಒತ್ತಡ ಇಳಿಯುತ್ತದೆ. ಪ್ರೆಷರ್ ಕುಕ್ಕರಿನೊಳಗೆ ನೂರು ಡಿಗ್ರಿ ದಾಟಿಯೂ ದ್ರವವಾಗಿಯೇ ಉಳಿದ ನೀರು ಒತ್ತಡ ತಗ್ಗಿದೊಡನೆ ಹಬೆಯಾಗುವಂತೆ, ಆಳದಲ್ಲಿ ಗಟ್ಟಿಯಾಗಿದ್ದ ಬಿಸಿಶಿಲೆ ಒತ್ತಡ ತಗ್ಗಿದಾಗ ಭಾಗಶಃ ಕರಗುತ್ತದೆ. ತಲೆಯಿಂದ ಮಹಾಪ್ರವಾಹ, ಬಾಲದಿಂದ ಬಹುಕಾಲದ ಸಣ್ಣ ಜ್ವಾಲಾಮುಖಿಗಳು: ಸಿದ್ಧಾಂತದ ಸಾರ ಇಷ್ಟೇ.

ದಖನ್ನಿನ ವಿಷಯದಲ್ಲಿ ಆ ಬಾಲದ ಜಾಡು ಸಮುದ್ರದಲ್ಲಿದೆ. ಆಗ ಭಾರತವು ಭೂಮಧ್ಯರೇಖೆಯ ದಕ್ಷಿಣಕ್ಕೆ, ಇಂದು ರಿಯೂನಿಯನ್ ದ್ವೀಪವಿರುವ ಸ್ಥಳದ ಆಸುಪಾಸಿನಲ್ಲಿದ್ದು ವೇಗವಾಗಿ ಉತ್ತರಕ್ಕೆ ಸರಿಯುತ್ತಿತ್ತು. ನೆಲ ಸರಿಯಿತು, ಕೆಳಗಿನ ಉರಿ ಹೆಚ್ಚುಕಡಿಮೆ ಅಲ್ಲೇ ಉಳಿಯಿತು. ಆದುದರಿಂದ ಲಕ್ಷದ್ವೀಪದಿಂದ ದಕ್ಷಿಣಕ್ಕೆ ಸಾಗಿದಂತೆ ಶಿಲೆಗಳ ವಯಸ್ಸು ಇಳಿಯಬೇಕು. 1987ರಲ್ಲಿ ಸಮುದ್ರತಳವನ್ನು ಕೊರೆದಾಗ ಕಂಡುದೂ ಹಾಗೆಯೇ. ಮಾಲ್ಡೀವ್ಸ್ ಬಳಿ ಸುಮಾರು 5.7 ಕೋಟಿ ವರ್ಷ, ಚಾಗೋಸ್ ಬಳಿ 4.9 ಕೋಟಿ. ಮಾರಿಷಸ್ಸಿನ ಶಿಲೆಗಳು ಒಂದು ಕೋಟಿಗೂ ಕಡಿಮೆ. ರಿಯೂನಿಯನ್ನಿನಲ್ಲಿ ಜ್ವಾಲಾಮುಖಿ ಇಂದಿಗೂ ಜೀವಂತವಾಗಿದೆ. ಸಾಲು ಇಷ್ಟು ಕ್ರಮವಾಗಿ ಹೊಂದುವುದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಮತ್ತೊಂದು ಸಾಕ್ಷ್ಯ ಹೀಲಿಯಂ ಅನಿಲದ್ದು. ಹೀಲಿಯಂ-3 ಎಂಬ ಹಗುರ ಪ್ರಭೇದವು ಬಹುಮಟ್ಟಿಗೆ ಭೂಮಿ ರೂಪುಗೊಂಡ ಕಾಲದ್ದು. ಹೀಲಿಯಂ-4 ಮಾತ್ರ ಯುರೇನಿಯಂ ಮುಂತಾದವುಗಳಿಂದ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಮಹಾಪ್ರವಾಹಕ್ಕೆ ಸ್ವಲ್ಪ ಮುಂಚೆ ರಾಜಸ್ಥಾನದಲ್ಲಿ ಮೂಡಿದ ಶಿಲೆಗಳಲ್ಲಿ ಮೊದಲನೆಯದರ ಪ್ರಮಾಣವು ವಾಯುಮಂಡಲದಲ್ಲಿರುವುದಕ್ಕಿಂತ ಸುಮಾರು 14 ಪಟ್ಟು ಇದೆಯೆಂದು 1993ರಲ್ಲಿ ಪ್ರಕಟವಾಯಿತು. ಇದು ಆಳದ ಹಳೆಯ ಶಿಲೆಯ ಗುರುತೆಂದು ಅನೇಕರು ಭಾವಿಸುತ್ತಾರೆ.

ಆಕ್ಷೇಪಗಳೂ ಹಗುರವಾದವಲ್ಲ. ತಲೆಯಂಥ ರಾಶಿ ಕೆಳಗಿನಿಂದ ಒತ್ತಿದ್ದರೆ ಪ್ರವಾಹಕ್ಕೆ ಮುನ್ನ ನೆಲವು ನೂರಾರು ಮೀಟರು ಉಬ್ಬಿರಬೇಕಿತ್ತು. ಅಂಥ ಉಬ್ಬಿಗೆ ದಖನ್ನಿನಲ್ಲಿ ಆಧಾರವಿಲ್ಲವೆಂದು ಐಐಟಿ ಮುಂಬಯಿಯ ಹೇತು ಶೇಠ್ ಅವರು 2007ರಲ್ಲಿ ವಾದಿಸಿದರು. ಭೂಫಲಕಗಳು ಎಳೆದಾಡಿ ಬಿರಿದಲ್ಲಿ ಶಿಲೆ ಕರಗುತ್ತದೆ, ಪಾತಾಳದವರೆಗೆ ಹೋಗುವ ಅಗತ್ಯವೇ ಇಲ್ಲ ಎನ್ನುವ ಪಂಥವೊಂದು ಇದೆ. ಒಂದೆರಡು ಮಿಲಿಯ ವರ್ಷಗಳೊಳಗಿನ ಅಷ್ಟೊಂದು ರಸದ ಲೆಕ್ಕವನ್ನು ಆ ಪಂಥ ತೃಪ್ತಿಕರವಾಗಿ ಒಪ್ಪಿಸಿದೆಯೆಂದು ಹೇಳಲಾಗದು. ಆದರೂ ಅದು ಎತ್ತಿದ ಪ್ರಶ್ನೆಗಳಿಂದಲೇ ಅಳತೆಗಳು ಸೂಕ್ಷ್ಮವಾದುವು.

ಕೆಳಗಿಳಿದು ನೋಡುವ ಉಪಾಯವಂತೂ ಇಲ್ಲ. ರಷ್ಯದ ಕೋಲಾದಲ್ಲಿ ಕೊರೆದ ಅತಿ ಆಳದ ರಂಧ್ರವೂ 12,262 ಮೀಟರಿಗೇ ನಿಂತಿತು. ಉಳಿದಿರುವುದು ಭೂಕಂಪದ ಅಲೆಗಳು. ಬಿಸಿಶಿಲೆಯಲ್ಲಿ ಅವು ನಿಧಾನವಾಗುತ್ತವೆ. 2012-13ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ರಿಯೂನಿಯನ್ ಸುತ್ತ ಸಮುದ್ರತಳದಲ್ಲಿ 57 ಭೂಕಂಪಮಾಪಕಗಳನ್ನು ಇಳಿಸಿ ಆಲಿಸಿದರು. 2021ರಲ್ಲಿ ಪ್ರಕಟವಾದ ಚಿತ್ರದಲ್ಲಿ ಕಂಡುದು ನೆಟ್ಟನೆಯ ಕಂಬವಲ್ಲ, ಒಂದು ಮರ. ಅದರ ಬುಡ ತಿರುಳಿನ ಅಂಚಿನಲ್ಲಿ, ಕಾಂಡ ದಕ್ಷಿಣ ಆಫ್ರಿಕದ ಕೆಳಗೆ. ರಿಯೂನಿಯನ್ ಕಡೆಗೆ ಬರುವುದು ಓರೆಯಾಗಿ ಚಾಚಿದ ಒಂದು ಕೊಂಬೆ. ಕಾಂಡದ ಮೇಲ್ಭಾಗದಿಂದ ದೊಡ್ಡ ಉಂಡೆಗಳು ಆಗಾಗ ಕಳಚಿ ಮೇಲೇರುತ್ತವೆ, ದಖನ್ನಿನ ಪ್ರವಾಹವನ್ನು ಹೊತ್ತು ತಂದುದೂ ಅಂಥದೇ ಒಂದು ಉಂಡೆಯಿರಬೇಕು ಎಂಬುದು ಆ ಸಂಶೋಧಕರ ಊಹೆ.